ಹಿಮಾಲಯಕ್ಕೆಂದು ಹೊರಟು ಚೌರಾಗಢ ಹತ್ತಿದ್ದು

ಮೊನ್ನೆ ಅಡುಗೆಮನೆಯ ಮೇಲಿನ ಅಟ್ಟ ಸ್ವಚ್ಛ ಮಾಡಿಸುವಾಗ ಒಂದು ಖಾಕಿ ಚೀಲ ಧೊಪ್ಪನೆ ನನ್ನ ಕಾಲ ಹತ್ತಿರ ಬಿತ್ತು. ಬೆನ್ನಿಗೆ ಹಾಕಿಕೊಳ್ಳುವ ಮಿಲಿಟರಿ ಚೀಲ; ನಾಗಪುರದ ಕಡೆ ಅದಕ್ಕೆ ಪಿಟ್ಠೂ ಅನ್ನುತ್ತಾರೆ. ಪಟ್ಟಿಗಳು ಒಣಗಿ ಹಪ್ಪಳದ ಹಾಗಾಗಿದ್ದವು. ಒಳಗೆ ಯಾವ ಕಾಲದ್ದೋ ಒಂದು ಕೌದಿ ತುರುಕಿಟ್ಟಿದ್ದೆವು. ಎಸೀಲೇನು ಅಂತ ಕೆಲಸದವಳು ಕೇಳಿದಳು. ಇರಲಿ ಅಂದೆ. ಹೀಗೆ ಇರಲಿ ಇರಲಿ ಅಂದೇ ನಮ್ಮ ಮನೆಯ ಅಟ್ಟ ತುಂಬಿರುವುದು.

ಆ ಚೀಲವನ್ನು ಹಿಮಾಲಯಕ್ಕೆಂದು ಕೊಂಡದ್ದು. ಹಿಮಾಲಯ ಅಂದಕೂಡಲೇ ನನ್ನನ್ನು ಬೆಟ್ಟ ಹತ್ತುವ ಗಟ್ಟಿಗಿತ್ತಿ ಅಂದುಕೊಳ್ಳಬೇಡಿ. ನಾನು ಹುಟ್ಟಿ ಬೆಳೆದದ್ದು ಗದಗಿನಲ್ಲಿ. ನಮ್ಮ ಓಣಿಯಲ್ಲಿ ಎತ್ತರದ್ದು ಅಂದರೆ ಹತ್ತಿಯ ಅಂಡಿಗೆಗಳ ಒಟ್ಟಿಲು. ಕಪ್ಪತಗುಡ್ಡ ದೂರದಿಂದ ನೀಲಿಯಾಗಿ ಕಾಣುತ್ತಿತ್ತು ನಿಜ, ಆದರೆ ಅದನ್ನು ಸುಮ್ಮನೆ ಖುಷಿಗಾಗಿ ಹತ್ತಬಹುದು ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮದುವೆಯಾಗಿ ಬಂದದ್ದು ನಾಗಪುರಕ್ಕೆ. ಯಜಮಾನರಿಗೆ ಕೇಂದ್ರ ಸರಕಾರದ ಕಚೇರಿಯಲ್ಲಿ ಕೆಲಸ, ಸಿವಿಲ್ ಲೈನ್ಸಿನ ಹತ್ತಿರ ಕ್ವಾರ್ಟರ್ಸು, ಹಿಂದೆ ಒಂದಿಷ್ಟು ಹಿತ್ತಲು. ನಾನು ಧರಮಪೇಠದ ಒಂದು ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ.

ಭೂಗೋಳದ ಟೀಚರು ಅಂದರೆ ಒಂಥರಾ ಅಡುಗೆ ಪುಸ್ತಕ ಓದಿಯೇ ಹೊಟ್ಟೆ ತುಂಬಿಸಿಕೊಳ್ಳುವವರು. ವರ್ಷಕ್ಕೊಮ್ಮೆ ಹಿಮಾಲಯದ ಪಾಠ ಬರುತ್ತಿತ್ತು. ಗೋಡೆಗೆ ನಕ್ಷೆ ತೂಗುಹಾಕಿ, ಕೋಲು ಹಿಡಿದು, ಕಾಶ್ಮೀರದಿಂದ ಅಸ್ಸಾಮಿನವರೆಗೆ ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದೆ. ಹಿಮನದಿ ಹೇಗೆ ಜಾರುತ್ತದೆ, ಕಣಿವೆ ಹೇಗೆ ಕೊರೆಯುತ್ತದೆ ಅಂತ ಬೋರ್ಡಿನ ಮೇಲೆ ಬಿಳಿ ಖಡುವಿನಿಂದ, ಅಂದರೆ ಸೀಮೆಸುಣ್ಣದಿಂದ, ಬಿಡಿಸಿ ತೋರಿಸುತ್ತಿದ್ದೆ. ನಾನು ಕಂಡ ಹಿಮ ಅಂದರೆ ನಮ್ಮ ಫ್ರಿಜ್ಜಿನ ಮೇಲ್ಖಾನೆಯಲ್ಲಿ ಕಟ್ಟಿಕೊಳ್ಳುತ್ತಿದ್ದದ್ದು ಮಾತ್ರ. ಅದನ್ನೂ ಚಮಚದಿಂದ ಕೆರೆದು ತೆಗೆಯುವಾಗ ಯಜಮಾನರು ಬೈಯುತ್ತಿದ್ದರು.

ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ನಮ್ಮ ಶಾಲೆಯ ಪಿ.ಟಿ. ಟೀಚರು ಕುಂದಾಬಾಯಿ ಸ್ಟಾಫ್ ರೂಮಿನಲ್ಲಿ ಒಂದು ಕರಪತ್ರ ತಂದು ಮೇಜಿನ ಮೇಲೆ ಹರವಿದರು. ಮರಾಠಿ ಶಾಲೆಗಳಲ್ಲಿ ಟೀಚರಿಗೆ ಬಾಯಿ ಅನ್ನುತ್ತಾರೆ. ಕುಂದಾಬಾಯಿಗೆ ಆ ಹೆಸರು ಎರಡು ಭಾಷೆಯಲ್ಲೂ ಒಪ್ಪುತ್ತಿತ್ತು. ಸೀಟಿ ಊದದಿದ್ದರೂ ಅವರ ದನಿ ಮೈದಾನದ ಆ ತುದಿಗೆ ಮುಟ್ಟುತ್ತಿತ್ತು. ನಲವತ್ತು ದಾಟಿದ, ಮದುವೆಯಾಗದ, ಸೈಕಲ್ ಮೇಲೆ ಹಳೆಯೂರಿನ ಮಹಾಲ್‌ನಿಂದ ಶಾಲೆಗೆ ಬರುತ್ತಿದ್ದ ಗಟ್ಟಿ ಹೆಂಗಸು. ಬೇಸಿಗೆ ರಜೆಯಲ್ಲಿ ಹಿಮಾಲಯದಲ್ಲಿ ಚಾರಣ, ಹಿಮದ ಕಣಿವೆ ದಾಟುವುದು, ಡೇರೆಯಲ್ಲಿ ವಸತಿ ಅಂತ ಕರಪತ್ರದಲ್ಲಿತ್ತು. ಸುಲಭದ್ದು, ನಡುವಿನದು, ಕಠಿಣವಾದದ್ದು ಅಂತ ಮೂರು ಬಗೆ. ಕಠಿಣವಾದದ್ದರ ಕೆಳಗೆ ಸಣ್ಣ ಅಕ್ಷರದಲ್ಲಿ, ಹಿಂದೆ ಚಾರಣ ಮಾಡಿದ ಅನುಭವವಿದ್ದವರಿಗೆ ಮಾತ್ರ ಅಂತ ಬರೆದಿತ್ತು.

ನಾವಿಬ್ಬರೂ ಆರಿಸಿದ್ದು ಅದನ್ನೇ. ಸುಲಭದ ಚಾರಣದ ದಾರಿಯಲ್ಲಿ ಹಿಮನದಿ ಇರಲಿಲ್ಲ. ಇಷ್ಟು ದೂರ ಹೋಗಿ ಹಿಮನದಿ ನೋಡದೆ ಬಂದರೆ ಮಕ್ಕಳಿಗೆ ಏನು ಹೇಳಲಿ ಅನ್ನುವುದು ನನ್ನ ವಾದ. ಸಣ್ಣ ಅಕ್ಷರದ ಮಾತು ಬೇರೆಯವರಿಗೆ ಹೇಳಿದ್ದು ಅಂತ ಇಬ್ಬರೂ ಬಗೆದೆವು. ನನ್ನ ಅನುಭವವೋ, ರಾಮಟೇಕದ ಗುಡ್ಡಕ್ಕೆ ಒಮ್ಮೆ ಹೋಗಿದ್ದು, ಅದೂ ಗುಡಿಯ ಹತ್ತಿರದವರೆಗೆ ಬಸ್ಸಿನಲ್ಲಿ.

ಮನೆಗೆ ಬಂದು ಹೇಳಿದಾಗ ಯಜಮಾನರು ಪೇಪರು ಕೆಳಗಿಟ್ಟರು. ಅವರು ಬೇಡ ಅನ್ನುವವರಲ್ಲ, ಹೂಂ ಅನ್ನುವವರೂ ಅಲ್ಲ. ಫೈಲಿನ ಮೇಲೆ ಟಿಪ್ಪಣಿ ಬರೆಯುವ ಹಾಗೆ ಅಳೆದು ತೂಗಿ ಮಾತಾಡುವವರು. ಆಮೇಲೆ, ಮೊದಲು ಇಲ್ಲೇ ನಡೆದು ನೋಡು, ಅಂದರು. ಆ ಭಾನುವಾರವೇ ಸ್ಕೂಟರ್ ಮೇಲೆ ಕಾಮಠಿಗೆ ಕರೆದುಕೊಂಡು ಹೋಗಿ, ದಂಡಿನ ಹಳೆಯ ಸಾಮಾನು ಮಾರುವ ಅಂಗಡಿಯಲ್ಲಿ ಆ ಪಿಟ್ಠೂ ಕೊಡಿಸಿದರು. ಮಗಳು ಮೇಧಾಗೆ ಆಗ ಹದಿಮೂರು. ಚೀಲ ಬೆನ್ನಿಗೆ ಹಾಕಿಕೊಂಡು ಮನೆತುಂಬ ಲೆಫ್ಟ್ ರೈಟ್ ಮಾಡಿದಳು. ನನ್ನನ್ನು ಅವಳು ಅವ್ವ ಅನ್ನುತ್ತಿರಲಿಲ್ಲ, ಆಯಿ ಅನ್ನುತ್ತಿದ್ದಳು. ನಾಗಪುರದ ನೀರು ಕುಡಿದ ನಾಲಿಗೆ. ಕನ್ನಡದಲ್ಲಿ ಶುರುವಾದ ಮಾತು ಮರಾಠಿಯಲ್ಲಿ ಮುಗಿಯುತ್ತಿತ್ತು.

ಹೋಳಿ ಕಳೆದ ಮೇಲೆ ನಮ್ಮ ತಾಲೀಮು ಶುರುವಾಯಿತು. ಬೆಳಿಗ್ಗೆ ಅಂಬಾಝರಿ ಕೆರೆಯ ಏರಿಯ ಮೇಲೆ ಕುಂದಾಬಾಯಿ ಮತ್ತು ನಾನು. ಪಿಟ್ಠೂವಿನಲ್ಲಿ ಅಕ್ಕಿಯ ಚೀಲ. ಯಾರಾದರೂ ಏನಿದು ಅಂತ ಕೇಳಿದರೆ ನಾಚಿಕೆಯಾಗಿ, ಗಿರಣಿಗೆ ಹೊರಟಿದ್ದೇವೆ ಅನ್ನುತ್ತಿದ್ದೆ. ಕೆರೆಯ ಏರಿ ಸಮತಟ್ಟು, ಅಲ್ಲಿ ಹೇಗೋ ನಡೆಯಿತು. ಆದರೆ ಸೆಮಿನರಿ ಹಿಲ್ಸಿನ ಏರು ಬಂದಾಗ ನನಗೆ ಉಸಿರು ಸಾಲದಾಯಿತು. ಅದೇನು ಬೆಟ್ಟವಲ್ಲ, ಹೆಸರಿಗೆ ಹಿಲ್ಸು, ಸೈಕಲ್ ತಳ್ಳಿಕೊಂಡು ಹೋಗುವಂಥ ದಿಬ್ಬ. ಅರ್ಧಕ್ಕೆ ನಿಲ್ಲುತ್ತಿದ್ದೆ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಎದೆ ಬಡಿದುಕೊಳ್ಳುವುದು ಸೀರೆಯ ಸೆರಗಿನ ಮೇಲೆಯೇ ಕಾಣಿಸುತ್ತಿತ್ತು. ಬಿಸಿಲು ಶುರುವಾಯಿತಲ್ಲ, ಅದಕ್ಕೆ ಅಂದೆ. ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆಗೆ ಎಲ್ಲಿಯ ಬಿಸಿಲು ಅಂತ ಕುಂದಾಬಾಯಿ ಸುತ್ತ ನೋಡಿದರು.

ನಿಜ ಹೇಳಬೇಕೆಂದರೆ ಈ ಏದುಸಿರು ಹೊಸದಾಗಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿ ಮೇಲಿನ ತರಗತಿಗೆ ಹೋದಾಗ, ಪಾಠ ಶುರು ಮಾಡುವ ಮುಂಚೆ ಹಾಜರಿ ಕೂಗದೆ ಸುಮ್ಮನೆ ಪುಸ್ತಕ ತಿರುವುತ್ತಾ ನಿಲ್ಲುವುದು ಒಂದು ವರ್ಷದಿಂದ ರೂಢಿಯಾಗಿತ್ತು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದಿರಲು ಕಾರಣವಿತ್ತು, ಅದನ್ನು ಹೇಳಬೇಕಾದರೆ ಗದಗಿಗೆ ಹೋಗಬೇಕು.

ಗದಗಿನ ನಮ್ಮ ಮನೆಗೆ ಮಾಳಿಗೆಗೆ ಹೋಗುವ ಕಟ್ಟಿಗೆಯ ಮೆಟ್ಟಿಲಿತ್ತು. ಶೇಂಗಾ, ಕಡಲೆ, ಉಪ್ಪಿನಕಾಯಿ ಜಾಡಿ ಎಲ್ಲ ಮೇಲೆ. ನಮ್ಮವ್ವ ಏನಾದರೂ ತರಲು ಹೊರಟರೆ ನಡುವಿನ ಮೆಟ್ಟಿಲಲ್ಲಿ ಕೂತುಬಿಡುತ್ತಿದ್ದಳು. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಒಂದು ಕತೆ ಹೇಳುತ್ತಿದ್ದಳು. ಕತೆಯ ನಡುವೆ ನಿಲ್ಲಿಸಿ ನಿಲ್ಲಿಸಿ, ಒಂದೊಂದೇ ಮಾತು. ಹಾಗೆ ನಿಲ್ಲಿಸುವುದರಿಂದಲೇ ಆ ಕತೆಗಳಿಗೆ ಅಷ್ಟು ರುಚಿ ಅಂತ ನಾನು ಅಂದುಕೊಂಡಿದ್ದೆ. ಅವ್ವನಿಗೆ ಹೃದಯದ ಕವಾಟ ಕೆಟ್ಟಿತ್ತು, ಅವಳು ಕೂರುತ್ತಿದ್ದದ್ದು ಉಸಿರಿಗಾಗಿ, ಕತೆಗಾಗಿ ಅಲ್ಲ ಅನ್ನುವುದು ನನಗೆ ತಿಳಿದದ್ದು ಅವಳು ಹೋದ ಮೇಲೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೋದಳು. ಅವಳಿಗೆ ಮೂವತ್ತೆಂಟು ಇರಬೇಕು. ನನಗೆ ಹದಿಮೂರು.

ಸೆಮಿನರಿ ಹಿಲ್ಸಿನ ದಿಬ್ಬದಲ್ಲಿ ನಿಂತಾಗ ನನಗೂ ಮೂವತ್ತೆಂಟು ನಡೆದಿತ್ತು. ಮನೆಯಲ್ಲಿ ಹದಿಮೂರರ ಮಗಳು.

ಕುಂದಾಬಾಯಿ ಒಂದು ದಿನ ನನ್ನನ್ನು ಮೇಲೆ ಹತ್ತಲು ಬಿಡಲಿಲ್ಲ. ಅವರಿಗೆ ಮಕ್ಕಳ ಓಟ ನೋಡಿ ನೋಡಿ ಯಾರ ಉಸಿರು ಹೇಗಿದೆ ಅನ್ನುವುದು ಗೊತ್ತಾಗುತ್ತಿತ್ತು. ಅಲ್ಲೇ ಒಂದು ಬೇವಿನ ಮರದ ಕೆಳಗೆ ಕೂರಿಸಿ, ಚೀಲ ತಾವೇ ಹೊತ್ತು, ವಾಪಸು ಕರೆದುಕೊಂಡು ಬಂದರು. ಮನೆಯವರೆಗೂ ಬಂದು ಯಜಮಾನರಿಗೆ ಹಿಂದಿಯಲ್ಲಿ ಒಂದೇ ಮಾತು ಹೇಳಿದರು: ಇವರನ್ನು ಇವತ್ತೇ ಡಾಕ್ಟರಿಗೆ ತೋರಿಸಿ.

ಧರಮಪೇಠದಲ್ಲಿ ನಮ್ಮ ಡಾಕ್ಟರು ಇದ್ದರು. ಹಳಬರು, ಮರಾಠಿಯವರು, ಮೂಗಿನ ತುದಿಗೆ ಕನ್ನಡಕ. ನನ್ನ ಕಣ್ಣಿನ ಕೆಳಗಿನ ರೆಪ್ಪೆ ಜಗ್ಗಿ ನೋಡಿದರು. ಉಗುರು ನೋಡಿದರು. ಆಮೇಲೆ, ಹಸಿ ಅಕ್ಕಿ ತಿನ್ನುತ್ತೀರಾ ಅಂತ ಕೇಳಿದರು. ನಾನು ಪರ್ಸಿನ ಬಾಯಿ ಒತ್ತಿ ಹಿಡಿದುಕೊಂಡೆ. ಮಣ್ಣು? ಖಡು? ಅಂತ ಮುಂದುವರಿಸಿದರು. ಯಜಮಾನರು ನಗಲು ಹೋದವರು ನನ್ನ ಮುಖ ನೋಡಿ ಸುಮ್ಮನಾದರು. ಅಕ್ಕಿ ಆರಿಸುವಾಗ ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಖಡುವಿನ ತುಂಡುಗಳೂ, ಹಿಮನದಿ ಬಿಡಿಸಿ ಉಳಿದದ್ದು, ಪರ್ಸಿನಲ್ಲಿ ಇರುತ್ತಿದ್ದವು. ಕದ್ದು ತಿನ್ನುವುದರಲ್ಲಿ ನಾನು ಎಷ್ಟು ಪಳಗಿದ್ದೆ ಅಂದರೆ ಜೊತೆಗೆ ಬಾಳುವವರಿಗೂ ಗೊತ್ತಿರಲಿಲ್ಲ.

ಮೈಯಲ್ಲಿ ರಕ್ತವೇ ಇಲ್ಲ ಅಂದರು ಡಾಕ್ಟರು. ಆಮೇಲೆ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಒಂದು ಕಡೆ ಇಟ್ಟರು, ಸರಿಸಿದರು, ಮತ್ತೆ ಅಲ್ಲೇ ಇಟ್ಟರು. ಎದೆಯಲ್ಲಿ ಒಂದು ಹೆಚ್ಚಿನ ಸಪ್ಪಳ ಕೇಳುತ್ತಿದೆ, ರಕ್ತ ಕಡಿಮೆಯಾದಾಗ ಹೀಗೆ ಕೇಳುವುದುಂಟು, ಆದರೂ ಹೃದಯದ ಡಾಕ್ಟರಿಗೆ ಒಮ್ಮೆ ತೋರಿಸಿಬಿಡೋಣ ಅಂದರು. ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಅಂತ ಕೇಳಿದರು.

ಅವ್ವನ ವಿಷಯ ಯಜಮಾನರೇ ನನ್ನ ಪರವಾಗಿ ಹೇಳಿದರು.

ಹೃದಯದ ಡಾಕ್ಟರು ಊರಲ್ಲಿರಲಿಲ್ಲ, ಬರಲು ಒಂದು ವಾರ. ಆ ವಾರ ನಾನು ಮಾಡಿದ ಕೆಲಸಗಳನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ. ಮೇಧಾಗೆ ಜೋಳದ ರೊಟ್ಟಿ ಬಡಿಯಲು ಕಲಿಸಿದೆ. ಬೇಳೆಗೆ ಎಷ್ಟು ನೀರು, ಹುಳಿ ಯಾವಾಗ, ಅಪ್ಪನಿಗೆ ಯಾವ ಪಲ್ಯ ಸೇರುವುದಿಲ್ಲ ಅಂತ ಹೇಳಿಕೊಟ್ಟೆ. ಟ್ರಂಕಿನೊಳಗೆ ಯಾವ ಸೀರೆ ಎಲ್ಲಿದೆ ಅಂತ ತೋರಿಸಿದೆ. ಅವಳು ರೊಟ್ಟಿಯ ಹಿಟ್ಟು ಮೂಗಿಗೆ ಹತ್ತಿಸಿಕೊಂಡು ನನ್ನನ್ನೇ ನೋಡುತ್ತಾ ಕೇಳಿದಳು:

"ಆಯಿ, ನೀ ಹಿಮಾಲಯಕ್ಕ ಹೋಗಿ ವಾಪಸ್ ಬರೂದಿಲ್ಲೇನ?"

ಬರ್ತೀನಿ, ಯಾಕ ಬರೂದಿಲ್ಲ ಅಂದೆ. ಒಲೆಯ ಮೇಲಿನ ಹಂಚು ನೋಡುವ ನೆವದಿಂದ ಆ ಕಡೆ ತಿರುಗಿದೆ. ಹಿಮಾಲಯದ ಮಾತು ಆಗಲೇ ನನ್ನ ಮನಸ್ಸಿನಿಂದ ಇಳಿದುಹೋಗಿತ್ತು. ಅವಳು ಇನ್ನೂ ಆ ಮಾತಿನಲ್ಲೇ ಇದ್ದಳಲ್ಲ ಅಂತ ಆಶ್ಚರ್ಯವಾಯಿತು.

ಯಜಮಾನರು ಆ ವಾರ ದಿನವೂ ಕಚೇರಿಯಿಂದ ಬರುವಾಗ ಏನಾದರೂ ತರುತ್ತಿದ್ದರು. ಒಂದು ದಿನ ಖರ್ಜೂರ, ಒಂದು ದಿನ ಬೆಲ್ಲ, ಒಂದು ದಿನ ಯಾರದೋ ಕಾಂಪೌಂಡಿನ ನುಗ್ಗೆ ಸೊಪ್ಪು ಟೊಂಗೆ ಸಮೇತ. ನಾನು ಅಕ್ಕಿ ಆರಿಸಲು ಕೂತರೆ ಮೊರ ಕಸಿದುಕೊಂಡು ತಾವೇ ಆರಿಸುತ್ತಿದ್ದರು. ಅವರು ಆರಿಸಿದ ಅಕ್ಕಿಯಲ್ಲಿ ಕಲ್ಲು ಇದ್ದೇ ಇರುತ್ತಿತ್ತು, ನಾವು ತಿನ್ನುತ್ತಿದ್ದೆವು.

ಕೊನೆಗೆ ಆ ದಿನ ಬಂತು. ಹೃದಯದ ಡಾಕ್ಟರು ಚಿಕ್ಕ ವಯಸ್ಸಿನವರು, ಬೇಗ ಬೇಗ ಮಾತಾಡುವವರು. ಇ.ಸಿ.ಜಿ. ತೆಗೆದರು, ಎಕ್ಸ್‌ರೇ ದೀಪಕ್ಕೆ ಹಿಡಿದು ನೋಡಿದರು, ಕೂರಿಸಿ ಕೇಳಿದರು, ಮಲಗಿಸಿ ಕೇಳಿದರು, ಎಡಕ್ಕೆ ಹೊರಳಿಸಿ ಕೇಳಿದರು. ನಾನು ಛಾವಣಿಯ ಫ್ಯಾನು ನೋಡುತ್ತಾ ಬಿದ್ದಿದ್ದೆ. ಎದ್ದು ಕೂತಾಗ ಅವರು ಯಜಮಾನರ ಕಡೆ ತಿರುಗಿ ಮರಾಠಿಯಲ್ಲಿ ಅಂದರು:

"ಹೃದಯ ಏಕ್‌ದಮ್ ಠಣಠಣೀತ ಆಹೆ."

ಠಣಠಣೀತ ಅಂದರೆ ಗಟ್ಟಿಮುಟ್ಟಾಗಿದೆ ಅಂತ. ಹಿತ್ತಾಳೆಯ ಕೊಡಕ್ಕೆ ಬೆರಳಿನಿಂದ ಹೊಡೆದರೆ ಬರುವ ಸದ್ದು ಇದೆಯಲ್ಲ, ಆ ಶಬ್ದದಿಂದಲೇ ಆದ ಮಾತಿನ ಹಾಗಿದೆ. ಇಷ್ಟು ವರ್ಷ ಮರಾಠಿಯವರ ನಡುವೆ ಬಾಳಿದ್ದೇನೆ, ಅದಕ್ಕಿಂತ ಚಂದದ ಮಾತು ನಾನು ಆ ಭಾಷೆಯಲ್ಲಿ ಕೇಳಿಲ್ಲ. ರಕ್ತ ನೀರಾಗಿರುವುದರಿಂದ ಹೃದಯ ದುಪ್ಪಟ್ಟು ಓಡುತ್ತಿದೆ, ಸಪ್ಪಳ ಅದರದ್ದು, ಕವಾಟಕ್ಕೆ ಏನೂ ಆಗಿಲ್ಲ, ರಕ್ತ ತುಂಬಿದರೆ ಸಪ್ಪಳವೂ ಹೋಗುತ್ತದೆ ಅಂದರು. ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ ಅಂದರು.

ಹೊರಗೆ ಬಂದೆವು. ಬಿಸಿಲು ಧಗಧಗ ಉರಿಯುತ್ತಿತ್ತು. ಯಜಮಾನರು ಸ್ಕೂಟರಿಗೆ ಕಿಕ್ ಹೊಡೆದರು. ಶುರುವಾಗಲಿಲ್ಲ. ಮತ್ತೆ ಹೊಡೆದರು. ಬಗ್ಗಿಸಿ ಹೊಡೆದರು, ತಳ್ಳಿ ಹೊಡೆದರು. ಅಂಗಿ ಬೆನ್ನಿಗೆ ಅಂಟಿಕೊಂಡಿತು. ನಾನು ನೆರಳಿನಲ್ಲಿ ನಿಂತು ನೋಡುತ್ತಿದ್ದವಳು, ಪೆಟ್ರೋಲ್ ಚಾಲೂ ಮಾಡೀರೇನ್ರಿ ಅಂದೆ. ಮಾಡಿರಲಿಲ್ಲ. ಕಚೇರಿಯಲ್ಲಿ ಒಂದು ಸೊನ್ನೆಯೂ ತಪ್ಪದ ಮನುಷ್ಯ. ಹ್ಯಾಂಡಲ್ ಹಿಡಿದುಕೊಂಡೇ ತಲೆ ತಗ್ಗಿಸಿ ನಿಂತರು, ಭುಜ ಅಲುಗುತ್ತಿತ್ತು. ನಗುತ್ತಿದ್ದಾರೆ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಗುತ್ತಿರಲಿಲ್ಲ. ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. ರಸ್ತೆಯಲ್ಲಿ ಹಾಗೆಲ್ಲ ಕೈ ಇಡುವ ಕಾಲವಲ್ಲ ಅದು. ಇಟ್ಟೆ.

ರಕ್ತ ಹೋಗುತ್ತಿದ್ದದ್ದು ಎಲ್ಲಿಗೆ ಅಂತ ಧರಮಪೇಠದ ಡಾಕ್ಟರು ಪತ್ತೆ ಹಚ್ಚಿದರು. ಹೇಳಲು ನಾಚಿಕೆ. ಕೊಕ್ಕೆಹುಳು. ಹಿತ್ತಲಿನಲ್ಲಿ ಮೆಂತ್ಯ, ಬದನೆ, ಟೊಮೆಟೊ ಬೆಳೆಯುವ ಹುಚ್ಚು ನನಗೆ. ಗದಗಿನ ಪದ್ಧತಿಯಂತೆ ಬರಿಗಾಲಿನಲ್ಲಿ ಗೊಬ್ಬರ ತುಳಿಯುತ್ತಾ, ಕೆಸರಿನಲ್ಲಿ ನಿಂತು ನೀರು ಬಿಡುತ್ತಿದ್ದೆ. ಆ ಮಣ್ಣಿನಲ್ಲಿದ್ದ ಹುಳು ಅಂಗಾಲಿನಿಂದ ಒಳಹೊಕ್ಕು, ಹೊಟ್ಟೆಯಲ್ಲಿ ಮನೆ ಮಾಡಿ, ವರ್ಷಗಟ್ಟಲೆ ನನ್ನ ರಕ್ತದ ಮೇಲೆ ಬಾಳುತ್ತಿತ್ತು. ಹಿಮಾಲಯಕ್ಕೆ ಹೊರಟ ಭೂಗೋಳದ ಟೀಚರನ್ನು ತಡೆದು ನಿಲ್ಲಿಸಿದ್ದು ಹಿತ್ತಲಿನ ಹುಳು. ಯಜಮಾನರು ಆಗ ನಿಜವಾಗಿಯೂ ನಕ್ಕರು. ನಕ್ಕು ನಕ್ಕು, ನನಗೊಂದು ಜೊತೆ ರಬ್ಬರ್ ಚಪ್ಪಲಿ ತಂದು ಹಿತ್ತಲ ಬಾಗಿಲ ಹತ್ತಿರ ಇಟ್ಟರು.

ಹುಳಕ್ಕೆ ಔಷಧಿ, ನನಗೆ ಕಬ್ಬಿಣದ ಗುಳಿಗೆ. ಗುಳಿಗೆ ನುಂಗಿದರೆ ಬಾಯಲ್ಲಿ ತುಕ್ಕು ಹಿಡಿದ ಬಕೆಟ್ಟಿನ ರುಚಿ. ಕಷ್ಟಪಟ್ಟು ನುಂಗಿದೆ. ಮೇ ತಿಂಗಳಲ್ಲಿ ಕುಂದಾಬಾಯಿ ಒಬ್ಬರೇ ದಿಲ್ಲಿಯ ಗಾಡಿ ಹತ್ತಿದರು. ಬೀಳ್ಕೊಡಲು ನಾವು ಸ್ಟೇಶನ್ನಿಗೆ ಹೋಗಿದ್ದೆವು. ನನ್ನ ಕಣ್ಣಿನಲ್ಲಿ ನೀರು ಬಂದದ್ದು ಸುಳ್ಳಲ್ಲ. ಬದುಕಿದೆ ಅನ್ನುವ ಸಮಾಧಾನ ಒಂದು ಕಡೆ. ಆದರೂ ಗಾಡಿ ಹೊರಟಾಗ, ನನ್ನ ಹಿಮನದಿ ಆ ಡಬ್ಬಿಯಲ್ಲಿ ಕೂತು ಹೋಯಿತು ಅನ್ನಿಸಿತು. ಆಮೇಲೆ ನಾಗಪುರದ ಆ ಬೇಸಿಗೆ. ಕಿಟಕಿಗೆ ಕೂಲರು, ಕೂಲರಿನಲ್ಲಿ ಒದ್ದೆ ಲಾವಂಚ, ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಇಲ್ಲ. ನಾನು ಕೂಲರಿನ ಮುಂದೆ ಮಲಗಿ, ಕುಂದಾಬಾಯಿ ಇವತ್ತು ಎಲ್ಲಿರಬಹುದು ಅಂತ ನಕ್ಷೆಯ ಮೇಲೆ ಬೆರಳು ಸರಿಸುತ್ತಿದ್ದೆ.

ಜೂನಿನಲ್ಲಿ ಕುಂದಾಬಾಯಿ ಬಂದರು. ಮೂಗಿನ ಸಿಪ್ಪೆ ಎದ್ದಿತ್ತು. ದನಿ ಸಣ್ಣಗಾಗಿತ್ತು. ಚಹಾ ಕೊಟ್ಟು ಕೇಳಿದೆ. ಅವರು ಮುಚ್ಚಿಡದೆ ಹೇಳಿದರು. ಮೊದಲ ದಿನಗಳು ಬರೋಬರ್ ಹೋದವಂತೆ. ಎತ್ತರಕ್ಕೆ ಹೋದ ಹಾಗೆ ತಲೆನೋವು, ವಾಂತಿ, ರಾತ್ರಿ ನಿದ್ದೆಯಿಲ್ಲ. ಸಪಾಟಾದ ನೆಲದಲ್ಲಿ ಎಷ್ಟು ಗಟ್ಟಿಯಿದ್ದರೂ ಎತ್ತರದ ಗಾಳಿಗೆ ಅದರ ಲೆಕ್ಕವಿಲ್ಲ ಅಂತ ತಂಡದ ನಾಯಕ ಹೇಳಿದನಂತೆ. ಕಣಿವೆ ದಾಟುವ ಹಿಂದಿನ ದಿನ ಅವರಿಗೆ ಹೆಜ್ಜೆ ತಪ್ಪತೊಡಗಿತು. ನಾಯಕ ಒಂದು ಕ್ಷಣವೂ ಕಾಯದೆ ಹೇಸರಗತ್ತೆಯ ಮೇಲೆ ಕೂರಿಸಿ ಕೆಳಗೆ ಕಳಿಸಿಬಿಟ್ಟ. ಕೆಳಗೆ ಇಳಿದ ಮೇಲೆ ತಲೆ ನೆಟ್ಟಗಾಯಿತು. ಹಿಮನದಿಯನ್ನು ಅವರೂ ದೂರದಿಂದಲೇ ನೋಡಿದ್ದು.

ಅವರು ಚಹಾದ ಬಟ್ಟಲು ಕೆಳಗಿಟ್ಟು, ನನ್ನ ಮೊಣಕೈ ಹಿಡಿದು ಅಂದರು, "ನೀಲಾಬಾಯಿ, ನನ್ನ ಮೈಯಲ್ಲಿ ರಕ್ತ ಇತ್ತು. ಆದರೂ ಹೀಗಾಯಿತು. ನಿಮ್ಮನ್ನು ನಾನೇ ಕರೆದುಕೊಂಡು ಹೊರಟಿದ್ದೆ."

ಸೆಮಿನರಿ ಹಿಲ್ಸಿನ ಆ ದಿಬ್ಬದಲ್ಲಿ ಅವರು ನನ್ನನ್ನು ಕೂರಿಸದೇ ಇದ್ದಿದ್ದರೆ ಅಂತ ನಾನು ಯೋಚಿಸಿದೆ. ಅವರೂ ಅದನ್ನೇ ಯೋಚಿಸುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ ಕುಂದಾಬಾಯಿ, ಹೇಸರಗತ್ತೆಯ ಬೆನ್ನು ಎಷ್ಟು ಚೂಪಾಗಿರುತ್ತದೆ ಗೊತ್ತೇನು ಅಂತ ಶುರು ಮಾಡಿದರು. ನಮಗೆ ನಗು ತಡೆಯಲಾಗಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ನನ್ನ ಉಗುರಿಗೆ ಬಣ್ಣ ಬಂತು. ಖಡು ಖಡುವಿನ ಹಾಗೆ ಕಾಣತೊಡಗಿತು. ಅದನ್ನು ತಿನ್ನುವುದು ಹೇಗೆ ಸಾಧ್ಯವಾಗಿತ್ತು ಅನ್ನಿಸಿತು. ಶಾಲೆಯ ಮೆಟ್ಟಿಲು ಹತ್ತಿದವಳೇ ಹಾಜರಿ ಕೂಗಿದೆ. ಮೈಗೆ ಬಲ ಬಂದಕೂಡಲೇ ಬುದ್ಧಿ ಮತ್ತೆ ಹಳೆಯ ದಾರಿ ಹಿಡಿಯಿತು. ಮುಂದಿನ ಮೇ ತಿಂಗಳಿಗೆ ಹೆಸರು ಕೊಡಲೇ ಅಂತ ಧರಮಪೇಠದ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, ಇಲ್ಲಿಯವರೆಗೆ ಯಾವ ಬೆಟ್ಟ ಹತ್ತಿದ್ದೀರಿ ಅಂತ ಕೇಳಿದರು. ಯಾವುದೂ ಇಲ್ಲ ಅಂದೆ. ಹಾಗಾದರೆ ಬೇಡವೆನಿಸಿದಾಗ ತಿರುಗಿ ಸಂಜೆಯೊಳಗೆ ಕೆಳಗೆ ಬರಬಹುದಾದ ಬೆಟ್ಟದಿಂದ ಶುರು ಮಾಡಿ ಅಂದರು. ಅಷ್ಟೇ. ಔಷಧಿ ಚೀಟಿಯ ಮೇಲೆ ಬರೆಯುವಂಥ ಮಾತು, ಬರೆಯಲಿಲ್ಲ.

ಮನೆಯಲ್ಲಿ ದೊಡ್ಡ ಚರ್ಚೆ ನಡೆಯಿತು. ಚಿಖಲದರಾ ಅಂದರು ಯಜಮಾನರು. ಅಲ್ಲಿ ಬಸ್ಸು ಮೇಲಿನವರೆಗೂ ಹೋಗುತ್ತದೆ, ನಡೆಯುವುದು ಕಡಿಮೆ. ಅಷ್ಟು ಕಡಿಮೆ ನನಗೆ ಬೇಡವಾಗಿತ್ತು. ರಾಮಟೇಕಕ್ಕೆ ಒಂದು ಭಾನುವಾರ ಹೋಗಿ, ಈ ಸಲ ಬಸ್ಸು ಬಿಟ್ಟು ಮೆಟ್ಟಿಲು ಹತ್ತಿ ನೋಡಿದೆವು. ಸಲೀಸಾಗಿ ಹತ್ತಿದೆ. ಕೊನೆಗೆ ಪಚಮಢಿ ಅಂತ ತೀರ್ಮಾನವಾಯಿತು. ಸಾತ್ಪುಡಾದ ಬೆಟ್ಟಗಳು, ನಾಗಪುರದಿಂದ ಛಿಂದವಾಡಾ ಮೇಲೆ ಬಸ್ಸು. ಹಿಮವಿಲ್ಲ, ಹಿಮನದಿ ಇಲ್ಲ. ಚೌರಾಗಢ ಅನ್ನುವ ಶಿಖರದ ಮೇಲೆ ಮಹಾದೇವನ ಗುಡಿ. ವಿದರ್ಭದ ಮುದುಕ ಮುದುಕಿಯರೆಲ್ಲ ಹೆಗಲ ಮೇಲೆ ತ್ರಿಶೂಲ ಹೊತ್ತು ಹತ್ತುವ ಬೆಟ್ಟ. ಸಾಕೆನಿಸಿದರೆ ತಿರುಗಿ ಬರಬಹುದು. ಕುಂದಾಬಾಯಿಗೆ ಹೇಳಿದಾಗ, ಹೇಸರಗತ್ತೆ ಬೇಕಿಲ್ಲದ ಬೆಟ್ಟ ತಾನೇ, ಬರುತ್ತೇನೆ ಅಂದರು.

ಮುಂದೆ ಎಂದಾದರೂ ಹಿಮಾಲಯಕ್ಕೆ ಹೋದಿರಾ ಅಂತ ನೀವು ಕೇಳಬಹುದು. ಹೋದೆವು, ಬಹಳ ವರ್ಷದ ಮೇಲೆ, ಬಸ್ಸಿನಲ್ಲಿ. ಹಿಮನದಿಯನ್ನು ಕಿಟಕಿಯಿಂದ ನೋಡಿದೆ. ಬೋರ್ಡಿನ ಮೇಲೆ ನಾನು ಬಿಡಿಸುತ್ತಿದ್ದದ್ದಕ್ಕಿಂತ ಕೊಳಕಾಗಿತ್ತು. ಅದರ ವಿಷಯ ಇಲ್ಲಿಗೆ ಸಾಕು.

ದೀಪಾವಳಿ ರಜೆಯಲ್ಲಿ ಪಚಮಢಿಗೆ ಹೋದೆವು. ಬೆಟ್ಟದ ಬುಡದವರೆಗೆ ಜೀಪು, ಅಲ್ಲಿಂದ ಕಾಡಿನ ದಾರಿ, ಆಮೇಲೆ ಮೆಟ್ಟಿಲು. ಬೆಳಗಿನ ಚಳಿಗೆ ಎಲ್ಲರಿಗೂ ಉತ್ಸಾಹ. ಮೇಧಾ ಮುಂದೆ ಓಡಿದಳು, ಸಾಲವೃಕ್ಷಗಳ ನಡುವೆ ಅವಳ ಕೆಂಪು ಸ್ವೆಟರು ಕಾಣಿಸುತ್ತಿತ್ತು, ಮರೆಯಾಗುತ್ತಿತ್ತು. ಕುಂದಾಬಾಯಿ ಈ ಸಲ ಯಾರಿಗೂ ಆಜ್ಞೆ ಕೊಡದೆ, ಒಂದೇ ನಿಧಾನದಲ್ಲಿ ನಡೆದರು. ನಾನು ಅವರ ಹಿಂದೆ. ನನ್ನ ಹಿಂದೆ ಯಜಮಾನರು, ಎರಡು ನೀರಿನ ಬಾಟಲಿ ಹೊತ್ತು, ನನ್ನ ಹಿಮ್ಮಡಿಗಳನ್ನೇ ನೋಡುತ್ತಾ. ನಾನು ನಿಂತರೆ ಅವರು ನಿಲ್ಲುತ್ತಿದ್ದರು. ಏನಾತು ಅಂತ ಕೇಳುತ್ತಿರಲಿಲ್ಲ, ಆದರೆ ಆ ಪ್ರಶ್ನೆ ನನ್ನ ಬೆನ್ನಿಗೆ ಬಿಸಿಯಾಗಿ ತಾಗುತ್ತಿತ್ತು.

ಕೊನೆಯ ಏರು ಕಡಿದಾಗಿತ್ತು. ಮೆಟ್ಟಿಲುಗಳು ಒಂದೊಂದೂ ಒಂದೊಂದು ಎತ್ತರ. ನಮ್ಮನ್ನು ದಾಟಿ ಹೋಗುವವರ ತ್ರಿಶೂಲದ ಗೆಜ್ಜೆಗಳು ಮೇಲೆಲ್ಲೋ ಸದ್ದು ಮಾಡುತ್ತಿದ್ದವು. ಅಲ್ಲಿ ನನಗೆ ಏದುಸಿರು ಹತ್ತಿತು. ಕಿವಿಯಲ್ಲಿ ಬಡಿತ, ಎದೆಯಲ್ಲಿ ಬಡಿತ, ಕಾಲು ಕಲ್ಲು. ಮೆಟ್ಟಿಲ ಮೇಲೆ ಕೂತೆ. ಕೈ ತಾನಾಗಿಯೇ ಎದೆಗೆ ಹೋಯಿತು. ಠಣಠಣೀತ ಅಂದದ್ದು ಸುಳ್ಳಿರಬಹುದೇ ಅಂತ ಹೆದರಿಕೆಯಾಯಿತು. ಕಣ್ಣು ಮುಚ್ಚಿಕೊಂಡೆ.

ಕಣ್ಣು ಮುಚ್ಚಿಕೊಂಡಾಗ ಕೇಳಿಸಿತು. ಪಕ್ಕದಲ್ಲಿ ಯಾರೋ ನನಗಿಂತ ಜೋರಾಗಿ ಏದುತ್ತಿದ್ದರು. ನೋಡಿದರೆ ಯಜಮಾನರು, ಎರಡು ಮೆಟ್ಟಿಲ ಕೆಳಗೆ, ಮೊಣಕಾಲ ಮೇಲೆ ಕೈಯೂರಿ, ಬಾಯಿ ತೆರೆದುಕೊಂಡು, ಮುಖ ಕೆಂಪಗೆ. ಏನಾತು ಅಂತ ಕೇಳಲು ಅವರಲ್ಲಿ ಉಸಿರೇ ಉಳಿದಿರಲಿಲ್ಲ. ಮೇಲೆ ನೋಡಿದೆ. ಓಡಿ ಓಡಿ ಹೋಗಿದ್ದ ಮೇಧಾ ಬಂಡೆಗೆ ಒರಗಿ ಕೂತಿದ್ದಳು. ಕುಂದಾಬಾಯಿಯೂ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ತ್ರಿಶೂಲ ಹೊತ್ತು ಬಂದ ಒಬ್ಬ ಗಟ್ಟಿ ಗಂಡಸು ನಮ್ಮ ಪಕ್ಕದಲ್ಲೇ ಅದನ್ನು ಇಳಿಸಿ, ಹರ ಹರ ಅನ್ನಲು ಹೋಗಿ ಒಂದೇ ಹರ ಅಂದು ಕೂತ.

ಎಲ್ಲರೂ ಏದುತ್ತಿದ್ದರು. ಬೆಟ್ಟ ಕಡಿದಾಗಿತ್ತು, ಅದಕ್ಕೆ.

ನಾನು ಎದೆಯ ಮೇಲಿನ ಕೈ ತೆಗೆದೆ. ಬಡಿತ ಇಳಿಯುತ್ತಾ ಬಂತು. ಇಳಿಯುವುದನ್ನು ಕೂತು ಕೇಳಿದೆ. ಗಾಳಿ ಮೂಗಿನ ತುದಿಯಿಂದ ಕೆಳಗಿನವರೆಗೂ ತಣ್ಣಗೆ ಹೋಗಿ ಬರತೊಡಗಿತು. ಮೇಲಿನಿಂದ ಮೇಧಾ ದಣಿದ ದನಿಯಲ್ಲಿ ಕೂಗಿದಳು:

"ಆಯಿ, ಮೀ ಥಕ್ಲೆ. ಸ್ವಲ್ಪ ಕೂಡೂಣು."

ಯಜಮಾನರೂ ಕೈ ಎತ್ತಿ, ನೀ ನಡಿ, ನಾ ಬರ್ತೀನಿ ಅಂತ ಸನ್ನೆ ಮಾಡಿದರು. ಆ ದಿನ ಅಷ್ಟು ಜನರಲ್ಲಿ ಮೊದಲು ಎದ್ದು ನಿಂತವಳು ನಾನು. ಸೆರಗು ಸಿಕ್ಕಿಸಿಕೊಂಡು, ಅವರನ್ನೆಲ್ಲ ಅಲ್ಲೇ ಬಿಟ್ಟು, ಮುಂದಿನ ಮೆಟ್ಟಿಲು ಹತ್ತಿದೆ.